ಸ್ಲಗ್ ಬೇಟೆಗೆ ಯಾವ ಬ್ಯಾರೆಲ್, ಯಾವ ತೋಟಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್, ಇಲಿನಾಯ್, ಒಹಾಯೊ ಕಡೆ ಕೆಲಸಕ್ಕಿರುವವರಿಗೆ ನವೆಂಬರ್ ಹತ್ತಿರ ಬಂತೆಂದರೆ ಆಫೀಸಿನಲ್ಲಿ ಜಿಂಕೆ ಬೇಟೆಯ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ನಮ್ಮವರಲ್ಲೂ ಕೆಲವರು ಸುಮ್ನೆ ನೋಡೋಣ ಅಂತ ಜೊತೆಗೆ ಹೋಗಿ, ಮುಂದಿನ ವರ್ಷ ತಾವೇ ಕೋವಿ ಹುಡುಕಲು ಶುರು ಮಾಡುತ್ತಾರೆ. ಅಂಗಡಿಗೆ ಹೋದರೆ ಕಪಾಟಿನ ತುಂಬ ತೋಟಾ ಪೆಟ್ಟಿಗೆ. ಒಂದೊಂದರ ಮೇಲೂ ಕೊಂಬಿನ ಜಿಂಕೆಯ ಚಿತ್ರ. ಯಾವುದು ತಮ್ಮ ಕೋವಿಗೆ ಸರಿ ಅಂತ ಮಾತ್ರ ತಿಳಿಯುವುದಿಲ್ಲ.

ಅಂಥವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸ್ಲಗ್ ಅಂದರೆ ಚರೆಯ ಬದಲು ಒಂದೇ ದಪ್ಪ ಗುಂಡು ಇರುವ ಶಾಟ್‌ಗನ್ ತೋಟಾ. ಉತ್ತರಗಳೆಲ್ಲ ಅಮೆರಿಕದ ವೈಟ್‌ಟೇಲ್ ಜಿಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಕಥೆ ಮುಗಿದಿದೆ. ಆದ್ದರಿಂದ ಇದನ್ನು ಓದಿ ಊರಿನಲ್ಲಿ ಯಾರೂ ಹೊಸ ಉತ್ಸಾಹ ತಂದುಕೊಳ್ಳಬೇಡಿ.

ಜಿಂಕೆಗೆ ರೈಫಲ್ ಇದೆಯಲ್ಲ, ಶಾಟ್‌ಗನ್‌ನಲ್ಲಿ ಸ್ಲಗ್ ಹಾಕಿ ಹೊಡೆಯುವುದು ಯಾಕೆ?

ಕಾನೂನು ಹಾಗಿತ್ತು, ಕೆಲವು ಕಡೆ ಈಗಲೂ ಇದೆ. ಮಿಡ್‌ವೆಸ್ಟ್‌ನ ಜೋಳ, ಸೋಯಾ ಹೊಲಗಳು ಚಪ್ಪಟೆ ನೆಲ. ಮಧ್ಯೆ ಮಧ್ಯೆ ಮನೆ, ದನದ ಕೊಟ್ಟಿಗೆ, ರಸ್ತೆ. ರೈಫಲ್ ಗುಂಡು ಗುರಿ ತಪ್ಪಿದರೆ ಬಹಳ ದೂರ ಹೋಗುತ್ತದೆ, ಸ್ಲಗ್ ಬೇಗ ನೆಲ ಕಚ್ಚುತ್ತದೆ ಅನ್ನುವ ಲೆಕ್ಕದಲ್ಲಿ ಇಲಿನಾಯ್, ಇಂಡಿಯಾನಾ, ಒಹಾಯೊ, ಅಯೋವಾ, ಮಿಶಿಗನ್‌ನ ದಕ್ಷಿಣ ಭಾಗ ಇಲ್ಲೆಲ್ಲ ಜಿಂಕೆಗೆ ಶಾಟ್‌ಗನ್ನೇ ಅಂತ ನಿಯಮ ಮಾಡಿದ್ದರು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಂಥ ಕಿಕ್ಕಿರಿದ ರಾಜ್ಯಗಳಲ್ಲೂ ಅದೇ.

ಆ ಲೆಕ್ಕ ಪೂರ್ತಿ ಸರಿ ಅಂತಲೂ ಹೇಳುವಂತಿಲ್ಲ. ಪೆನ್ಸಿಲ್ವೇನಿಯಾದ ಶಾಸಕಾಂಗ ಇದನ್ನೇ ಪರೀಕ್ಷಿಸಲು ಒಂದು ಅಧ್ಯಯನ ಮಾಡಿಸಿತು. 2007ರಲ್ಲಿ ಬಂದ ಅದರ ವರದಿ ಬೇರೆಯೇ ಹೇಳಿತು. ಕೋವಿಯನ್ನು ಮೇಲಕ್ಕೆತ್ತಿ ಹೊಡೆದರೆ ರೈಫಲ್ ಗುಂಡು ಜಾಸ್ತಿ ದೂರ ಹೋಗುತ್ತದೆ, ನಿಜ. ಆದರೆ ನೆಲಕ್ಕೆ ಸಮನಾಗಿ ಹೊಡೆದಾಗ ಸ್ಲಗ್ ನೆಲಕ್ಕೆ ತಾಗಿ ಪುಟಿದು ಮುಂದೆ ಹೋಗುವುದರಿಂದ, ಶಾಟ್‌ಗನ್ ಅಂದರೆ ಅಪಾಯ ಕಮ್ಮಿ ಅಂತ ಯಾವಾಗಲೂ ನಂಬುವಂತಿಲ್ಲ. ಹಾಗಾಗಿ ಕೈಯಲ್ಲಿ ಶಾಟ್‌ಗನ್ ಇದೆ ಅಂತ ಜಿಂಕೆಯ ಹಿಂದೆ ಏನಿದೆ ನೋಡದೆ ಹೊಡೆಯುವ ಧೈರ್ಯ ಬೇಡ. ಹಿಂದೆ ಮಣ್ಣಿನ ದಿಬ್ಬ ಇರಬೇಕು, ಇಲ್ಲವೇ ನೀವು ಮರದ ಮೇಲಿನ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆಯುತ್ತಿರಬೇಕು.

ಈಗ ನಿಯಮ ಸಡಿಲವಾಗಿದೆಯಂತೆ. ಇನ್ನೂ ಸ್ಲಗ್ ಕೋವಿ ಕೊಳ್ಳುವುದು ದಡ್ಡತನ ಅಲ್ವಾ?

ನಿಮ್ಮ ಬಳಿ ಈಗಾಗಲೇ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಇಂಡಿಯಾನಾ 2007ರಲ್ಲಿ, ಒಹಾಯೊ ಮತ್ತು ಮಿಶಿಗನ್ 2014ರಲ್ಲಿ ಕೆಲವು ಬಗೆಯ ರೈಫಲ್‌ಗಳಿಗೆ ಬಾಗಿಲು ತೆರೆದವು. ಈಗ ಸಾಮಾನ್ಯವಾಗಿ ಬಿಡುವುದು ಕೊಳವೆ ಮೇಲಿಂದ ಕೆಳಗಿನವರೆಗೆ ನೇರವಾಗಿರುವ ತೋಟಾಗಳನ್ನು. .450 ಬುಶ್‌ಮಾಸ್ಟರ್, 2019ರಲ್ಲಿ ಬಂದ .350 ಲೆಜೆಂಡ್ ಇದೇ ಗುಂಪು. ಇಲಿನಾಯ್ 2023ರಿಂದ ಒಂದೇ ಈಡಿನ ರೈಫಲ್‌ಗಳನ್ನು ಬಿಟ್ಟಿದೆ.

ಕೋವಿಯೇ ಇಲ್ಲ, ನಿಮ್ಮ ರಾಜ್ಯ ಅಂಥ ರೈಫಲ್ ಬಿಡುತ್ತದೆ ಅಂದರೆ .350 ಲೆಜೆಂಡ್ ಕೊಳ್ಳಿ ಅಂತಲೇ ಹೇಳುತ್ತೇನೆ. ಭುಜಕ್ಕೆ ಬೀಳುವ ಏಟು ಕಮ್ಮಿ, ತೋಟಾ ಅಗ್ಗ, ಗುರಿ ಸುಲಭ. ಆದರೆ ಹಕ್ಕಿಗೆ ಅಂತ ಕೊಂಡ ಶಾಟ್‌ಗನ್ ಮನೆಯಲ್ಲಿದ್ದರೆ ಇನ್ನೊಂದು ಬ್ಯಾರೆಲ್ ಸಾಕು. ಹೊಸ ರೈಫಲ್‌ಗಿಂತ ಅದು ಅಗ್ಗ. ರಾಜ್ಯದ ನಿಯಮ ಪುಸ್ತಕ ಪ್ರತಿ ವರ್ಷ ಬದಲಾಗುತ್ತದೆ. ಹೋದ ವರ್ಷದ್ದನ್ನು ನೆಚ್ಚಿಕೊಳ್ಳಬೇಡಿ.

ಊರಲ್ಲಿ 12 ಬೋರ್ ಅನ್ನುತ್ತಿದ್ದೆವು. ಇಲ್ಲಿಯ 12 ಗೇಜ್ ಬೇರೆಯಾ?

ಎರಡೂ ಒಂದೇ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ, ಬ್ಯಾರೆಲ್ಲಿನ ಒಳ ಅಗಲ ಅಷ್ಟು: 0.729 ಇಂಚು, ಅಂದರೆ ಸುಮಾರು 18.5 ಮಿಲಿಮೀಟರ್. 20 ಗೇಜ್ ಅಂದರೆ 20 ಉಂಡೆ, ಹಾಗಾಗಿ ಕಿರಿದು: 0.615 ಇಂಚು. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ನೇರವಾಗಿ ಇಂಚಿನ ಅಳತೆ.

ನುಣುಪು ಬ್ಯಾರೆಲ್ಲೋ, ರೈಫಲ್ಡ್ ಬ್ಯಾರೆಲ್ಲೋ?

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದ್ದು ಇದು. ಇದು ಗೊತ್ತಾಗದೆ ತೋಟಾ ಅಂಗಡಿಗೆ ಕಾಲಿಡಬೇಡಿ. ತುಂಬ ಜನ ತಲೆಕೆಳಗು ಮಾಡುತ್ತಾರೆ. ಮೊದಲು ದುಬಾರಿ ತೋಟಾ ಕೊಳ್ಳುತ್ತಾರೆ. ಅದು ತಮ್ಮ ಬ್ಯಾರೆಲ್ಲಿನಲ್ಲಿ ಎಲ್ಲೆಲ್ಲಿಗೋ ಹೋದಾಗ ಕೋವಿಯನ್ನು ಬೈಯುತ್ತಾರೆ.

ಹಕ್ಕಿ ಹೊಡೆಯುವ ಸಾಮಾನ್ಯ ಶಾಟ್‌ಗನ್ನಿನ ಬ್ಯಾರೆಲ್ ಒಳಗೆ ಕನ್ನಡಿ ಹಾಗೆ ನುಣ್ಣಗಿರುತ್ತದೆ. ಅದರಲ್ಲಿ ಚರೆ ತೋಟಾ ಹೊಡೆಯಬಹುದು, ಸ್ಲಗ್ಗೂ ಹೊಡೆಯಬಹುದು. ಸ್ಲಗ್‌ಗೆ ಅಂತಲೇ ಮಾಡಿದ ರೈಫಲ್ಡ್ ಬ್ಯಾರೆಲ್ಲಿನ ಒಳಗೆ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ. ಆ ಗೆರೆ ಗುಂಡನ್ನು ತಿರುಗಿಸುತ್ತದೆ, ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಈ ಬ್ಯಾರೆಲ್ಲಿನಲ್ಲಿ ಚರೆ ಹೊಡೆದರೆ ಚರೆಯೂ ತಿರುಗಿ ಚೆಲ್ಲಾಪಿಲ್ಲಿಯಾಗುತ್ತದೆ. ಹಕ್ಕಿ ಬೇಟೆಗೆ ಅದು ಕೆಲಸಕ್ಕೆ ಬಾರದು.

ನಿಮ್ಮ ಜಾಗ ಹೇಗಿದೆ? ದಟ್ಟ ಕಾಡು, ಐವತ್ತು ಗಜಕ್ಕಿಂತ ಆಚೆ ಕಣ್ಣಿಗೇ ಕಾಣುವುದಿಲ್ಲ ಅಂದರೆ ನುಣುಪು ಬ್ಯಾರೆಲ್ ಧಾರಾಳ. ಹೊಲದ ಅಂಚಿನಲ್ಲಿ ಕೂತು ನೂರು, ನೂರಿಪ್ಪತ್ತು ಗಜ ಹೊಡೆಯಬೇಕು ಅಂದರೆ ರೈಫಲ್ಡ್ ಬ್ಯಾರೆಲ್ ಬೇಕೇ ಬೇಕು. ಜೊತೆಗೆ ದುರ್ಬೀನು, ದುಬಾರಿ ತೋಟಾ, ಅಭ್ಯಾಸಕ್ಕೆ ಸಮಯ ಇವೆಲ್ಲ ಸೇರಿಯೇ ಬರುತ್ತವೆ ಅನ್ನುವುದು ನೆನಪಿರಲಿ.

ಹಿಂದೆ ಈ ಆಯ್ಕೆ ಇರಲಿಲ್ಲ. ಸ್ಲಗ್‌ಗೆ ಅಂತಲೇ ಬೇರೆ ಬ್ಯಾರೆಲ್ ಮಾಡಿ ಹೆಸರು ಮಾಡಿದ್ದು 1959ರ ಇಥಾಕಾ ಡಿಯರ್‌ಸ್ಲೇಯರ್, ಅದೂ ನುಣುಪು ಬ್ಯಾರೆಲ್ಲೇ. ಗೆರೆ ಕೊರೆದ ಬ್ಯಾರೆಲ್‌ಗಳು ಎಲ್ಲ ಕಡೆ ಸಿಗಲು ಶುರುವಾದದ್ದು 1980ರ ದಶಕದಿಂದೀಚೆಗೆ.

ಸ್ಲಗ್‌ಗಳಲ್ಲಿ ಎಷ್ಟು ಬಗೆ?

ಅಂಗಡಿಯಲ್ಲಿ ಎಷ್ಟೇ ಹೆಸರಿದ್ದರೂ ಮೂಲದಲ್ಲಿ ಮೂರು.

ಮೊದಲನೆಯದು ಫಾಸ್ಟರ್. ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ರೂಪಿಸಿದ್ದು. ಮೆತ್ತನೆ ಸೀಸದ ತುಂಡು, ಮೂಗು ಗಟ್ಟಿ, ಹಿಂಭಾಗ ಪೊಳ್ಳು. ತೂಕವೆಲ್ಲ ಮುಂದೆ ಇರುವುದರಿಂದ ಬ್ಯಾಡ್ಮಿಂಟನ್ ಕಾಕ್ ಥರ ಮೂಗು ಮುಂದೆ ಮಾಡಿಕೊಂಡೇ ಹೋಗುತ್ತದೆ. ತಿರುಗಿಸುವ ಗೆರೆ ಬೇಕಾಗಿಲ್ಲ. 12 ಗೇಜ್‌ನಲ್ಲಿ ಸಾಮಾನ್ಯ ತೂಕ ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ. ಬ್ಯಾರೆಲ್ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 1,600 ಅಡಿ. ರೆಮಿಂಗ್ಟನ್ ಸ್ಲಗ್ಗರ್, ವಿಂಚೆಸ್ಟರ್ ಸೂಪರ್-ಎಕ್ಸ್ ಈ ಜಾತಿ. ಫೆಡರಲ್‌ನವರ ಟ್ರೂಬಾಲ್‌ನಲ್ಲಿ ಪೊಳ್ಳು ಹಿಂಭಾಗಕ್ಕೆ ಒಂದು ಪ್ಲಾಸ್ಟಿಕ್ ಗೋಲಿ ಇಟ್ಟಿರುತ್ತಾರೆ. ಅದು ಸ್ಲಗ್ಗನ್ನು ಬ್ಯಾರೆಲ್ಲಿನ ನಟ್ಟನಡುವೆ ತಳ್ಳುತ್ತದೆ. ನುಣುಪು ಬ್ಯಾರೆಲ್‌ಗೆ ಅಗ್ಗದಲ್ಲಿ ಏನು ಕೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಹೇಳುವ ಹೆಸರು ಅದು.

ಎರಡನೆಯದು ಬ್ರೆನೆಕೆ. ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ 1898ರಲ್ಲೇ ಮಾಡಿದ್ದು. ಇದು ಪೊಳ್ಳಲ್ಲ, ಇಡೀ ಗಟ್ಟಿ ಸೀಸ. ಹಿಂದೆ ಒಂದು ವಾಡ್ (ಹಗುರವಾದ ಬಿಲ್ಲೆ) ಸಿಕ್ಕಿಸಿರುತ್ತದೆ, ಅದು ಬಾಲದಂತೆ ಜೊತೆಗೇ ಹೋಗುತ್ತದೆ. ಫಾಸ್ಟರ್ ಜಿಂಕೆಯೊಳಗೆ ಹೋಗಿ ಅಗಲವಾಗುತ್ತದೆ. ಬ್ರೆನೆಕೆ ಅಷ್ಟಾಗಿ ಅಗಲವಾಗದೆ ಆಳಕ್ಕೆ ಇಳಿಯುತ್ತದೆ. ಅಲಾಸ್ಕಾದಲ್ಲಿ ಕರಡಿ ಭಯಕ್ಕೆ ಶಾಟ್‌ಗನ್ ಹಿಡಿದು ಓಡಾಡುವವರು ಇದನ್ನೇ ಇಷ್ಟಪಡುವುದು ಅದಕ್ಕೆ.

ಮೂರನೆಯದು ಸೇಬೋ. ಇದರಲ್ಲಿ ಗುಂಡು ಬ್ಯಾರೆಲ್‌ಗಿಂತ ಸಣ್ಣದು, 12 ಗೇಜ್‌ನಲ್ಲಿ ಹೆಚ್ಚಾಗಿ ಅರ್ಧ ಇಂಚು ಇಲ್ಲವೇ ಅದಕ್ಕೂ ಕಮ್ಮಿ ದಪ್ಪ. ಸುತ್ತ ಪ್ಲಾಸ್ಟಿಕ್ ಕವಚ. ಕವಚ ಬ್ಯಾರೆಲ್ಲಿನ ಗೆರೆಗೆ ಕಚ್ಚಿಕೊಂಡು ತಿರುಗುತ್ತದೆ, ಗುಂಡನ್ನೂ ತಿರುಗಿಸುತ್ತದೆ. ಹೊರಗೆ ಬಂದ ಕೂಡಲೇ ಕಳಚಿ ಬೀಳುತ್ತದೆ. ಹಾರ್ನಡಿ ಎಸ್‌ಎಸ್‌ಟಿ ಅನ್ನುವುದರಲ್ಲಿ 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡು ಸೆಕೆಂಡಿಗೆ 2,000 ಅಡಿ ವೇಗದಲ್ಲಿ ಹೊರಡುತ್ತದೆ. ರೆಮಿಂಗ್ಟನ್ ಆಕ್ಯುಟಿಪ್, ಫೆಡರಲ್ ಟ್ರೋಫಿ ಕಾಪರ್ ಕೂಡ ಇದೇ ಬಗೆ. ಬೆಲೆ ಫಾಸ್ಟರ್‌ಗಿಂತ ಎರಡು ಮೂರು ಪಟ್ಟು. ಐದೇ ತೋಟಾ ಇರುವ ಪೆಟ್ಟಿಗೆಗೆ ಅಷ್ಟು ದುಡ್ಡಾ ಅಂತ ಮೊದಲ ಸಲ ಎಲ್ಲರೂ ಕೇಳುತ್ತಾರೆ.

ಪೆಟ್ಟಿಗೆ ಮೇಲೆ ರೈಫಲ್ಡ್ ಸ್ಲಗ್ ಅಂತಿದೆ. ನನ್ನದು ರೈಫಲ್ಡ್ ಬ್ಯಾರೆಲ್. ಸರಿಹೋಯಿತಲ್ಲ?

ಇಲ್ಲ. ಎಲ್ಲರೂ ಎಡವುವ ಜಾಗ ಇದು. ರೈಫಲ್ಡ್ ಸ್ಲಗ್ ಅಂದರೆ ಫಾಸ್ಟರ್. ಗೆರೆಗಳಿರುವುದು ಸ್ಲಗ್ಗಿನ ಮೈಮೇಲೆ. ಆ ಗೆರೆ ಸ್ಲಗ್ಗನ್ನು ಹೇಳಿಕೊಳ್ಳುವಷ್ಟೇನೂ ತಿರುಗಿಸುವುದಿಲ್ಲ. ಚೋಕ್, ಅಂದರೆ ಬ್ಯಾರೆಲ್ ತುದಿಯನ್ನು ಕಿರಿದು ಮಾಡುವ ಭಾಗ, ಇರುವ ಕಡೆ ಸ್ಲಗ್ ಹಿಂಡಿಕೊಂಡು ದಾಟಲು ಜಾಗ ಕೊಡುವುದೇ ಅದರ ಮುಖ್ಯ ಕೆಲಸ. ಹಾಗಾಗಿ ರೈಫಲ್ಡ್ ಸ್ಲಗ್ ನುಣುಪು ಬ್ಯಾರೆಲ್‌ಗೆ, ಸೇಬೋ ರೈಫಲ್ಡ್ ಬ್ಯಾರೆಲ್‌ಗೆ.

ಫಾಸ್ಟರ್ ಅನ್ನು ರೈಫಲ್ಡ್ ಬ್ಯಾರೆಲ್ಲಿನಲ್ಲಿ ಹೊಡೆದರೆ ಕೋವಿ ಸಿಡಿಯುವುದಿಲ್ಲ. ಆದರೆ ಮೆತ್ತನೆ ಸೀಸ ಗೆರೆಗಳಲ್ಲಿ ಮೆತ್ತಿಕೊಳ್ಳುತ್ತದೆ. ನಾಲ್ಕಾರು ಈಡು ಆದಮೇಲೆ ಗುರಿ ಕೆಡುತ್ತಾ ಹೋಗುತ್ತದೆ. ಆಮೇಲೆ ಕಂಚಿನ ಬ್ರಶ್ಶು, ಸಾಲ್ವೆಂಟು ಹಿಡಿದು ಸಂಜೆಯೆಲ್ಲ ಉಜ್ಜಬೇಕು.

ಸೇಬೋ ತೋಟಾ ನುಣುಪು ಬ್ಯಾರೆಲ್ಲಿನಲ್ಲಿ ಹೊಡೆದರೆ?

ದುಡ್ಡು ದಂಡ. ತಿರುಗಿಸುವವರೇ ಇಲ್ಲದೆ ಗುಂಡು ಗಾಳಿಯಲ್ಲಿ ಅಡ್ಡಡ್ಡ ಉರುಳುತ್ತದೆ, ಹಾಳೆಯಲ್ಲಿ ಕೀಲಿಕೈ ಆಕಾರದ ತೂತು ಬೀಳುತ್ತದೆ. ಐವತ್ತು ಗಜಕ್ಕೇ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ಚೋಕ್ ಯಾವುದಿರಬೇಕು?

ನುಣುಪು ಬ್ಯಾರೆಲ್ಲಿನಲ್ಲಿ ಫಾಸ್ಟರ್‌ಗೆ ಸಿಲಿಂಡರ್ (ಬಿಗಿಯೇ ಇಲ್ಲದ್ದು) ಅಥವಾ ಇಂಪ್ರೂವ್ಡ್ ಸಿಲಿಂಡರ್ (ಸ್ವಲ್ಪವೇ ಬಿಗಿ). ಎರಡನ್ನೂ ಹಾಕಿ ನೋಡಿ, ಯಾವುದು ಒತ್ತೊತ್ತಾಗಿ ಹೊಡೆಯುತ್ತದೋ ಅದನ್ನೇ ಇಟ್ಟುಕೊಳ್ಳಿ. ಇನ್ನೂ ಸ್ವಲ್ಪ ಬಿಗಿಯಾದ ಮಾಡಿಫೈಡ್‌ನಲ್ಲಿ ಕೆಲವು ಕೋವಿಗಳು ಚೆನ್ನಾಗಿ ಹೊಡೆಯುವುದುಂಟು. ಆದರೆ ತೀರಾ ಬಿಗಿಯಾದ ಫುಲ್ ಚೋಕ್, ಟರ್ಕಿ ಚೋಕ್ ಹಾಕಿ ಸ್ಲಗ್ ಹೊಡೆಯಲೇಬೇಡಿ. ಏಪ್ರಿಲ್‌ನಲ್ಲಿ ಟರ್ಕಿ ಕೋಳಿ ಬೇಟೆಗೆ ಹಾಕಿದ ಚೋಕ್ ನವೆಂಬರ್‌ವರೆಗೂ ಬ್ಯಾರೆಲ್ಲಿನಲ್ಲೇ ಇರುವುದು ಹೊಸದೇನಲ್ಲ. ತೆಗೆದು, ಮೇಲೆ ಏನು ಬರೆದಿದೆ ಅಂತ ಓದಿ ನೋಡಿ.

ರೈಫಲ್ಡ್ ಚೋಕ್ ಟ್ಯೂಬ್ ಅಂತಲೂ ಸಿಗುತ್ತದೆ. ನುಣುಪು ಬ್ಯಾರೆಲ್ಲಿನ ತುದಿಗೆ ಕೆಲವೇ ಇಂಚು ಗೆರೆ ಸೇರಿಸುವ ಉಪಾಯ. ಫಾಸ್ಟರ್‌ಗೆ ಸ್ವಲ್ಪ ಸಹಾಯ ಆಗುತ್ತದೆ. ಸೇಬೋಗೆ ಅದನ್ನು ನೆಚ್ಚಿಕೊಳ್ಳುವುದು ನನಗೆ ಇಷ್ಟವಿಲ್ಲ. ವೇಗವಾಗಿ ಬಂದ ಕವಚ ಅಷ್ಟು ಚಿಕ್ಕ ಗೆರೆಗೆ ಸರಿಯಾಗಿ ಕಚ್ಚುತ್ತದೆ ಅನ್ನುವ ಭರವಸೆ ಇಲ್ಲ.

ಜೋಡು ನಳಿಗೆ ಕೋವಿಯಲ್ಲಿ ಸ್ಲಗ್ ಹೊಡೆಯಬಹುದಾ?

ಮಲೆನಾಡು, ಕೊಡಗಿನ ಕಡೆಯವರಿಗೆ ಕೋವಿ ಅಂದರೆ ಜೋಡು ನಳಿಗೆಯೇ, ಆದ್ದರಿಂದ ಈ ಪ್ರಶ್ನೆ ಬರುತ್ತದೆ. ಆಧುನಿಕ ಕೋವಿಯಾಗಿದ್ದು ಚೋಕ್ ಬಿಗಿ ಇಲ್ಲದಿದ್ದರೆ ಹೊಡೆಯಬಹುದು. ತೊಂದರೆ ಬೇರೆ ಇದೆ. ಎರಡು ನಳಿಗೆಗಳನ್ನು ಕೂಡಿಸುವಾಗ ಚರೆಯ ತೋಟಾದ ಲೆಕ್ಕ ಹಿಡಿದು ಕೂಡಿಸಿರುತ್ತಾರೆ. ಸ್ಲಗ್ ಹಾಕಿದರೆ ಎಡದ್ದು ಒಂದು ಕಡೆ, ಬಲದ್ದು ಇನ್ನೊಂದು ಕಡೆ ಬೀಳಬಹುದು. ಒಂದೇ ನಳಿಗೆಯನ್ನು ನೆಚ್ಚಿಕೊಂಡು, ಅದು ಎಲ್ಲಿ ಹೊಡೆಯುತ್ತದೆ ಅಂತ ಹಾಳೆಯ ಮೇಲೆ ನೋಡಿಕೊಳ್ಳಬೇಕು.

ಹಳೆಯ ಇಂಗ್ಲಿಷ್ ಕೋವಿಗಳ ಮಾತೇ ಬೇರೆ. ಎಷ್ಟೋ ಕೋವಿಗಳ ಕೋಣೆ, ಅಂದರೆ ತೋಟಾ ಕೂರುವ ಜಾಗ, ಎರಡೂವರೆ ಇಂಚಿನದು. ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಒಳಗೆ ಕೂರುತ್ತದೆ, ಆದರೆ ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಡಮಾಸ್ಕಸ್ ಉಕ್ಕಿನ ನಳಿಗೆ ಇದ್ದರೆ ಗೋಡೆಗೆ ತೂಗುಹಾಕಿ, ಸ್ಲಗ್ ಹಾಕಬೇಡಿ.

ಬ್ಯಾರೆಲ್ ಎಷ್ಟು ಉದ್ದ ಇರಬೇಕು? ನಾನೇ ಬದಲಿಸಬಹುದಾ?

20ರಿಂದ 24 ಇಂಚು ಸಾಕು. ಹಕ್ಕಿಯ 28 ಇಂಚಿನ ಬ್ಯಾರೆಲ್ ಪೊದೆಯಲ್ಲಿ, ಮರದ ಮೇಲಿನ ಅಟ್ಟಣೆಯಲ್ಲಿ ಅಡ್ಡ ಬರುತ್ತದೆ.

ಮಾಸ್‌ಬರ್ಗ್ 500, ರೆಮಿಂಗ್ಟನ್ 870 ಥರದ ಪಂಪ್ ಕೋವಿಗಳಲ್ಲಿ ಬ್ಯಾರೆಲ್ ಬದಲಿಸಲು ಐದು ನಿಮಿಷ ಸಾಕು. ಮಾಸ್‌ಬರ್ಗ್‌ನಲ್ಲಿ ಬ್ಯಾರೆಲ್‌ಗೇ ಅಂಟಿದ ತಿರುಪು ಬಿಚ್ಚಬೇಕು, 870ರಲ್ಲಿ ಮ್ಯಾಗಜಿನ್ (ತೋಟಾ ತುಂಬುವ ಕೊಳವೆ) ಮುಚ್ಚಳ. ಮಾಸ್‌ಬರ್ಗ್‌ನವರು ಹಕ್ಕಿಯ ಬ್ಯಾರೆಲ್, ಜಿಂಕೆಯ ಬ್ಯಾರೆಲ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಹೊಸದಾಗಿ ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ ಅಂತ ನನ್ನ ಅಭಿಪ್ರಾಯ. ಬ್ಯಾರೆಲ್ ಬೇರೆಯಾಗಿ ಕೊಳ್ಳುವಾಗ ಮಾಡೆಲ್, ಗೇಜ್, ಮ್ಯಾಗಜಿನ್ ಉದ್ದ ಮೂರೂ ಹೊಂದಬೇಕು. 500ರ ಬ್ಯಾರೆಲ್ 590ಕ್ಕೆ ಕೂರುವುದಿಲ್ಲ. 12 ಗೇಜ್ 870ರ ಬ್ಯಾರೆಲ್ 20 ಗೇಜ್ 870ಕ್ಕೆ ಕೂರುವುದಿಲ್ಲ.

ಉದ್ದ ಜಾಸ್ತಿ ಆಯ್ತು ಅಂತ ಗರಗಸ ಹಿಡಿಯಬೇಡಿ. 18 ಇಂಚಿಗಿಂತ ಗಿಡ್ಡ ಬ್ಯಾರೆಲ್ಲಿನ ಶಾಟ್‌ಗನ್ ನೋಂದಣಿ ಇಲ್ಲದೆ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ದೊಡ್ಡ ಅಪರಾಧ.

12 ಗೇಜ್ ಒಳ್ಳೆಯದೋ, 20 ಗೇಜ್ ಒಳ್ಳೆಯದೋ?

ಜಿಂಕೆಗೆ 20 ಗೇಜ್ ಸಾಕು. ಹಳಬರು ಒಪ್ಪುವುದಿಲ್ಲ, ಬಿಡಿ. ಹಾರ್ನಡಿಯ 20 ಗೇಜ್ ಸೇಬೋ 250 ಗ್ರೇನ್ ಗುಂಡನ್ನು 1,800 ಅಡಿ ವೇಗದಲ್ಲಿ ಬಿಡುತ್ತದೆ. ನೂರು ಗಜದಲ್ಲಿ ನಿಂತ ಜಿಂಕೆಗೆ ಅದು 12 ಗೇಜೋ 20 ಗೇಜೋ ಅಂತ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮ ಭುಜಕ್ಕೆ ತಿಳಿಯುತ್ತದೆ. 12 ಗೇಜ್ ಸ್ಲಗ್ಗಿನ ಏಟು ಸಾಮಾನ್ಯ .308 ರೈಫಲ್‌ಗಿಂತ ಬಹಳ ಜಾಸ್ತಿ. ಏಟಿಗೆ ಹೆದರಿ ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆಯುವವರಿಗೆ ಯಾವ ಬ್ಯಾರೆಲ್ಲೂ ಸಹಾಯ ಮಾಡುವುದಿಲ್ಲ. ಸ್ಯಾವೇಜ್ 220 ಅನ್ನುವ 20 ಗೇಜ್ ಬೋಲ್ಟ್ ಕೋವಿ ಸ್ಲಗ್‌ಗೆ ಅಂತಲೇ ಹುಟ್ಟಿದ್ದು. ಗುರಿಯ ವಿಷಯದಲ್ಲಿ ಅದರ ಹೆಸರು ದೊಡ್ಡದು.

ಮನೆಯಲ್ಲಿ ಎರಡೂ ಗೇಜ್ ಇದ್ದರೆ ತೋಟಾಗಳನ್ನು ಒಂದೇ ಜೇಬಿನಲ್ಲಿ ಇಡಬೇಡಿ. 20 ಗೇಜ್ ತೋಟಾ 12 ಗೇಜ್ ಬ್ಯಾರೆಲ್ಲಿನೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುತ್ತದೆ. ಅದರ ಹಿಂದೆ 12 ಗೇಜ್ ತೋಟಾ ಹಾಕಿ ಹೊಡೆದರೆ ಬ್ಯಾರೆಲ್ ಒಡೆಯುತ್ತದೆ, ಎಡಗೈ ಇರುವುದು ಅಲ್ಲೇ. 20 ಗೇಜ್ ತೋಟಾಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಮೂರು ಇಂಚಿನ ಮ್ಯಾಗ್ನಮ್ ತೋಟಾ ಬೇಕಾ?

12 ಗೇಜ್‌ನಲ್ಲಿ ಬೇಡ. ಎರಡೂಮುಕ್ಕಾಲು ಇಂಚಿನದೇ ಜಿಂಕೆಗೆ ಬೇಕಾದ್ದಕ್ಕಿಂತ ಜಾಸ್ತಿ. ಇನ್ನು ಮೂರು ಇಂಚಿನ ಕೋಣೆಯಲ್ಲಿ ಎರಡೂಮುಕ್ಕಾಲು ಹೊಡೆಯಬಹುದು, ತಿರುಗಾಮುರುಗಾ ಆಗಬಾರದು. ಕೋಣೆಯ ಅಳತೆ ಬ್ಯಾರೆಲ್ ಮೇಲೇ ಕೊರೆದಿರುತ್ತದೆ.

ಟ್ವಿಸ್ಟ್ ರೇಟ್ ಅಂತ ಅಂಗಡಿಯವನು ಏನೋ ಹೇಳಿದ. ತಲೆಕೆಡಿಸಿಕೊಳ್ಳಬೇಕಾ?

ಸ್ವಲ್ಪ. ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಅನ್ನುವ ಲೆಕ್ಕ ಅದು. ಮಾಸ್‌ಬರ್ಗ್ 12 ಗೇಜ್‌ನಲ್ಲಿ 36 ಇಂಚಿಗೆ ಒಂದು ಸುತ್ತು, ರೆಮಿಂಗ್ಟನ್ 870ರಲ್ಲಿ 35, ಬ್ರೌನಿಂಗ್‌ನಲ್ಲಿ 28, ಸ್ಯಾವೇಜ್ 220ರಲ್ಲಿ 24. ಒಂದೇ ಸೇಬೋ ಒಂದು ಬ್ಯಾರೆಲ್ಲಿನಲ್ಲಿ ಬಂಗಾರ, ಇನ್ನೊಂದರಲ್ಲಿ ಕಸ ಆಗುವುದಕ್ಕೆ ಇದೂ ಒಂದು ಕಾರಣ. ಸಂಖ್ಯೆ ನೋಡಿ ಮೊದಲೇ ಊಹೆ ಮಾಡುವುದಕ್ಕಿಂತ ಮೂರು ನಾಲ್ಕು ಬಗೆಯ ತೋಟಾ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡುವುದು ಮೇಲು.

ದುರ್ಬೀನು ಬೇಕಾ, ಮಣಿ ಸಾಕಾ?

ಬ್ಯಾರೆಲ್ ತುದಿಯ ಒಂದೇ ಮಣಿ ಹಾರುವ ಹಕ್ಕಿಗೆ ಇಟ್ಟದ್ದು. ಸ್ಲಗ್ ಹೊಡೆಯುವಾಗ ಕೆನ್ನೆ ಸ್ವಲ್ಪ ಮೇಲೆ ಕೂತರೂ ಐವತ್ತು ಗಜದಲ್ಲಿ ಗುಂಡು ಒಂದು ಗೇಣು ಮೇಲೆ ಹೋಗುತ್ತದೆ. ನುಣುಪು ಬ್ಯಾರೆಲ್ಲಾದರೆ ಹಿಂದೆ ಮುಂದೆ ಎರಡೂ ಗುರಿಮಣಿ ಇರುವುದನ್ನು ಕೊಳ್ಳಿ, ಇಲ್ಲವೇ ಒಂದು ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ) ಹಾಕಿಸಿ.

ರೈಫಲ್ಡ್ ಬ್ಯಾರೆಲ್‌ಗೆ ದುರ್ಬೀನು ಹಾಕದಿದ್ದರೆ ಅದನ್ನು ಕೊಂಡು ಪ್ರಯೋಜನವೇನು? ಕಡಿಮೆ ಶಕ್ತಿಯದು ಸಾಕು, 2ರಿಂದ 7 ಪಟ್ಟು ದೊಡ್ಡದಾಗಿ ತೋರಿಸುವುದು ಚೆನ್ನ. ಕಣ್ಣಿಗೂ ದುರ್ಬೀನಿಗೂ ನಡುವೆ ಮೂರೂವರೆ ಇಂಚಿಗೆ ಕಮ್ಮಿ ಇಲ್ಲದ ಅಂತರ ಸಿಗಬೇಕು, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಕ್ಯಾಂಟಿಲಿವರ್ ಬ್ಯಾರೆಲ್ ಕೊಳ್ಳಿ. ಅದರಲ್ಲಿ ದುರ್ಬೀನಿನ ಪಟ್ಟಿ ಬ್ಯಾರೆಲ್‌ಗೇ ಅಂಟಿಕೊಂಡು ಹಿಂದಕ್ಕೆ ಚಾಚಿರುತ್ತದೆ. ಬ್ಯಾರೆಲ್ ಕೋವಿಯ ಮೈಯಲ್ಲಿ ಕೂದಲೆಳೆಯಷ್ಟು ಅಲುಗಿದರೂ ದುರ್ಬೀನು ಜೊತೆಗೇ ಅಲುಗುವುದರಿಂದ ಗುರಿ ಕೆಡುವುದಿಲ್ಲ.

ಗುರಿ ಕೂರಿಸುವುದು ಹೇಗೆ?

ಸೀಸನ್ನಿನ ಹಿಂದಿನ ದಿನ ಮಾಡುವ ಕೆಲಸ ಇದಲ್ಲ. ಮಿಶಿಗನ್‌ನಲ್ಲಿ ಕೋವಿ ಸೀಸನ್ ಶುರುವಾಗುವುದು ನವೆಂಬರ್ 15ಕ್ಕೆ. ಸೆಪ್ಟೆಂಬರ್‌ನಲ್ಲೇ ರೇಂಜ್‌ಗೆ ಹೋಗಿ. ನವೆಂಬರ್ 13ರಂದು ಹೋದರೆ ಬೆಂಚಿಗೆ ಕ್ಯೂ ನಿಲ್ಲಬೇಕಾಗುತ್ತದೆ.

ಮೊದಲು ತಿರುಪುಗಳೆಲ್ಲ ಬಿಗಿ ಇವೆಯಾ ನೋಡಿ. ಸ್ಲಗ್ಗಿನ ಏಟಿಗೆ ದುರ್ಬೀನಿನ ತಿರುಪು ಸಡಿಲವಾಗುವುದು ಸಾಮಾನ್ಯ. ಬ್ಯಾರೆಲ್ ಶುದ್ಧವಾಗಿರಲಿ. ಮರಳಿನ ಚೀಲದ ಮೇಲೆ ಕೋವಿಯ ಮುಂಭಾಗ ಇಡಿ, ಬ್ಯಾರೆಲ್ ಚೀಲಕ್ಕೆ ತಾಗಬಾರದು. 25 ಗಜದಿಂದ ಶುರು ಮಾಡಿ. ಅಲ್ಲಿ ಹಾಳೆಗೆ ಬಿದ್ದಮೇಲೆ 50ಕ್ಕೆ ಹೋಗಿ. ಮೂರು ಈಡು ಹೊಡೆದು ಬ್ಯಾರೆಲ್ ತಣ್ಣಗಾಗಲು ಬಿಡಿ. ಜಿಂಕೆಗೆ ಹೊಡೆಯುವುದು ತಣ್ಣನೆ ಬ್ಯಾರೆಲ್ಲಿನ ಮೊದಲ ಈಡು. ಬಿಸಿ ಬ್ಯಾರೆಲ್ಲಿನ ಹತ್ತನೆಯ ಈಡು ಎಲ್ಲಿ ಬಿತ್ತು ಅಂತ ನೋಡಿ ಉಪಯೋಗವಿಲ್ಲ.

ತೋಟಾ ಬಗೆ ಬದಲಿಸಿದಾಗಲೆಲ್ಲ ಹೊಸ ಹಾಳೆ ಹಾಕಿ, ಮೇಲೆ ಹೆಸರು ಬರೆಯಿರಿ. ಒಂದರ ತೂತು ಇನ್ನೊಂದರ ಜೊತೆ ಬೆರೆತರೆ ಏನೂ ತಿಳಿಯುವುದಿಲ್ಲ. ರೈಫಲ್ಡ್ ಬ್ಯಾರೆಲ್, ಸೇಬೋ, ನೂರು ಗಜ: ಮೂರು ಈಡು ಮೂರು ಇಂಚಿನೊಳಗೆ ಬಿದ್ದರೆ ಜಿಂಕೆಗೆ ಸಾಕು. ಇನ್ನೂ ಚಿಕ್ಕದು ಬೇಕು ಅಂತ ತೋಟಾ ಸುಡುತ್ತಾ ಕೂರಬೇಡಿ, ಭುಜ ನೋಯಲು ಶುರುವಾದಮೇಲೆ ಹಾಳಾಗುವುದು ನೀವೇ. ನುಣುಪು ಬ್ಯಾರೆಲ್, ಫಾಸ್ಟರ್ ಆದರೆ 50 ಗಜದಲ್ಲಿ ನಾಲ್ಕು ಇಂಚು ಬಂದರೆ ಸಂತೋಷಪಡಿ.

ಫಾಸ್ಟರ್ ಅನ್ನು 50 ಗಜಕ್ಕೆ ಸರಿಯಾಗಿ ಕೂರಿಸಿದರೆ ನೂರು ಗಜದಲ್ಲಿ ಐದಾರು ಇಂಚು ಕೆಳಗೆ ಬೀಳುತ್ತದೆ. ವೇಗದ ಸೇಬೋವನ್ನು ನೂರು ಗಜದಲ್ಲಿ ಎರಡೂವರೆ ಇಂಚು ಮೇಲೆ ಕೂರಿಸಿದರೆ 150 ಗಜದ ಹತ್ತಿರ ಸರಿಯಾಗಿ ಬೀಳುತ್ತದೆ. ಇದು ಲೆಕ್ಕದ ಮಾತು. ನಿಮ್ಮ ಕೋವಿಯಲ್ಲಿ ಹೊಡೆದು ನೋಡಿಯೇ ನಂಬಿ.

ಒಂದು ತೋಟಾ ಹಿಡಿಸಿತು ಅಂದಮೇಲೆ ಅದನ್ನೇ ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಕೊಳ್ಳಿ. ಬ್ಯಾರೆಲ್ ಬಿಚ್ಚಿ ಹಾಕಿದರೆ ಮತ್ತೆ ಒಂದೆರಡು ಈಡು ಹೊಡೆದು ಪರೀಕ್ಷಿಸಿ.

ಎಷ್ಟು ದೂರಕ್ಕೆ ಹೊಡೆಯಬಹುದು?

ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಎಂಟರಿಂದ ಹತ್ತು ಇಂಚು ಅಗಲ. ಕೂತ ಭಂಗಿಯಲ್ಲಿ, ದಪ್ಪ ಕೋಟು ಹಾಕಿಕೊಂಡು, ನಿಮ್ಮ ಈಡುಗಳೆಲ್ಲ ಆ ಅಗಲದೊಳಗೆ ಎಷ್ಟು ದೂರದವರೆಗೆ ಬೀಳುತ್ತವೋ ಅಷ್ಟೇ ನಿಮ್ಮ ದೂರ. ಹೆಚ್ಚಿನವರಿಗೆ ನುಣುಪು ಬ್ಯಾರೆಲ್ಲಿನಲ್ಲಿ ಅದು 50ರಿಂದ 75 ಗಜ. ರೈಫಲ್ಡ್ ಬ್ಯಾರೆಲ್, ಸೇಬೋ ಇದ್ದರೆ 125, ಅಭ್ಯಾಸ ಇದ್ದವರಿಗೆ 150. ಪೆಟ್ಟಿಗೆ ಮೇಲೆ 200 ಗಜ ಅಂತ ಬರೆದಿರುತ್ತಾರೆ. ಬರೆದವರಿಗೇನು, ಗಾಯಗೊಂಡ ಜಿಂಕೆಯನ್ನು ಕತ್ತಲಲ್ಲಿ ಹುಡುಕಿಕೊಂಡು ಹೋಗುವವರು ನೀವು. ಗಾಳಿಯೂ ಇದೆ. ಸ್ಲಗ್ ದಪ್ಪ, ಮೊಂಡು. ಅಡ್ಡ ಗಾಳಿ ಅದನ್ನು ನೂರು ಗಜದಲ್ಲೇ ಕೆಲವು ಇಂಚು ಪಕ್ಕಕ್ಕೆ ತಳ್ಳುತ್ತದೆ.

ಎಲ್ಲಿಗೆ ಹೊಡೆಯಬೇಕು?

ಜಿಂಕೆ ಪಕ್ಕಕ್ಕೆ ತಿರುಗಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಎದುರಿಗೆ ಮುಖ ಮಾಡಿ ನಿಂತರೆ ಕಾಯಿರಿ. ಈಡಾದಮೇಲೆ ಕಣ್ಣೆದುರೇ ಬೀಳದಿದ್ದರೆ ಅರ್ಧ ಗಂಟೆ ಕೂತಲ್ಲೇ ಕೂತಿರಿ. ಕೂಡಲೇ ಬೆನ್ನು ಹತ್ತಿದರೆ ಮಲಗಿದ್ದ ಜಿಂಕೆ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತದೆ, ಆ ಹೊಲದವನ ಅನುಮತಿ ನಿಮ್ಮ ಹತ್ತಿರ ಇರುವುದಿಲ್ಲ.

ಬಕ್‌ಶಾಟ್ ಆಗುತ್ತದಾ?

ಬಕ್‌ಶಾಟ್ ಅಂದರೆ ದಪ್ಪ ಚರೆಯ ತೋಟಾ. ಊರಿನಲ್ಲಿ ಅಂಥದ್ದೇ ಎಲ್‌ಜಿ ತೋಟಾ ಕಂಡವರು ಕೇಳುವ ಪ್ರಶ್ನೆ. ಇಲಿನಾಯ್, ಅಯೋವಾದಲ್ಲಿ ಶಾಟ್‌ಗನ್ನಿನಿಂದ ಜಿಂಕೆಗೆ ಸ್ಲಗ್ ಮಾತ್ರ. ಬಿಡುವ ರಾಜ್ಯಗಳಲ್ಲೂ ಅದು ತೀರಾ ಹತ್ತಿರದ, ದಟ್ಟ ಪೊದೆಯ ಬೇಟೆಗೆ. ಹೊಸಬರು ಮುಟ್ಟುವುದು ಬೇಡ.

ಸೀಸದ ಸ್ಲಗ್ಗಿನಿಂದ ಮಾಂಸ ಕೆಡುತ್ತದಾ?

ಮಿನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ 2008ರಲ್ಲಿ ಕುರಿಯ ದೇಹಗಳಿಗೆ ಹೊಡೆದು ಪರೀಕ್ಷಿಸಿತ್ತು. ಬೇಗ ಅಗಲವಾಗುವ ರೈಫಲ್ ಗುಂಡುಗಳಿಗೆ ಹೋಲಿಸಿದರೆ ಶಾಟ್‌ಗನ್ ಸ್ಲಗ್ ಬಿಟ್ಟ ಸೀಸದ ಚೂರು ಕಮ್ಮಿ. ಕಮ್ಮಿ ಅಂದರೆ ಇಲ್ಲ ಅಂತಲ್ಲ. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ತಾಮ್ರದ ಸೇಬೋ ಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಯಾವ ಬೇಟೆಗೂ ಸೀಸ ಬಳಸುವಂತಿಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಕೊಳ್ಳಬಹುದಾ?

ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಕೇಂದ್ರ ಕಾನೂನು. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಿಮಗೆ ಮುಖ್ಯವಾದದ್ದು ಇದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಚಾಲ್ತಿಯಲ್ಲಿರಬೇಕು. ಚಾಲ್ತಿ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲೈಸೆನ್ಸ್ ಮುಗಿದ ದಿನದಿಂದ ಮನೆಯ ಕಪಾಟಿನಲ್ಲಿರುವ ಕೋವಿಯೂ ಅಪರಾಧವೇ. ಗೆಳೆಯನ ಕೋವಿ ಒಂದು ಗಂಟೆ ಕೈಯಲ್ಲಿ ಹಿಡಿದರೂ ಇದೇ ನಿಯಮ. ಗ್ರೀನ್ ಕಾರ್ಡ್ ಕೈಗೆ ಬಂದಮೇಲೆ ಈ ಷರತ್ತಿಲ್ಲ, ಅರ್ಜಿ ಹಾಕಿ ಕಾಯುತ್ತಿರುವವರಿಗೆ ಇದೆ.

ಬೇಟೆ ಲೈಸೆನ್ಸ್‌ಗೆ ಮೊದಲು ಹಂಟರ್ ಎಜುಕೇಶನ್ ಪಾಠ ಮುಗಿಸಬೇಕು. ಮಿಶಿಗನ್‌ನಲ್ಲಿ 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಇದು ಕಡ್ಡಾಯ, ಇಲಿನಾಯ್‌ನಲ್ಲಿ 1980ರ ಜನವರಿ 1. ಇಲಿನಾಯ್‌ನಲ್ಲಿ ನೆಲೆಸಿದವರಿಗೆ ಕೋವಿ ಹಿಡಿಯಲು ಎಫ್‌ಒಐಡಿ ಕಾರ್ಡ್ (ಕೋವಿ ಮಾಲೀಕರಿಗೆ ರಾಜ್ಯ ಕೊಡುವ ಗುರುತಿನ ಚೀಟಿ) ಬೇರೆ ಬೇಕು. ವೀಸಾ ವಿಷಯದಲ್ಲಿ ತಪ್ಪಾದರೆ ದಂಡ ಕಟ್ಟಿ ಮುಗಿಯುವುದಿಲ್ಲ, ದೇಶ ಬಿಡಬೇಕಾಗಬಹುದು. ಅಂಗಡಿಯವನ ಮಾತು ಕೇಳಿಕೊಂಡು ಹೋಗದೆ ಒಬ್ಬ ವಲಸೆ ವಕೀಲರನ್ನು ಕೇಳಿ.

ಕೊಡಗಿನಲ್ಲಿ ನಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸೇ ಬೇಡ. ಇಲ್ಲಿಂದ ನಾಲ್ಕು ಸ್ಲಗ್ ತೋಟಾ ಒಯ್ಯಬಹುದಾ?

ಬೇಡ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವುದಕ್ಕೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಅದರಿಂದ ತೊಂದರೆ ಇಲ್ಲ. ಆದರೆ ವಿಮಾನದಲ್ಲಿ ತೋಟಾ ತರಲು ಆ ವಿನಾಯಿತಿ ಪರವಾನಗಿ ಅಲ್ಲ, ಬೇಟೆಗಂತೂ ಅಲ್ಲವೇ ಅಲ್ಲ.

ಬೇಕಂತಲೇ ತರುವವರಿಗಿಂತ ಗೊತ್ತಿಲ್ಲದೆ ತಂದು ಸಿಕ್ಕಿಬೀಳುವವರೇ ಜಾಸ್ತಿ ಇರಬೇಕು. ನವೆಂಬರ್‌ನಲ್ಲಿ ಬೇಟೆಗೆ ಹೊತ್ತ ಬ್ಯಾಗನ್ನೇ ಡಿಸೆಂಬರ್ ರಜೆಗೆ ಊರಿಗೆ ಒಯ್ಯುತ್ತಾರೆ. ಪಕ್ಕದ ಜೇಬಿನಲ್ಲಿ ಒಂದು ತೋಟಾ ಉಳಿದಿರುತ್ತದೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅದು ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳುತ್ತದೆ, ರಜೆಯೆಲ್ಲ ಪೊಲೀಸ್ ಠಾಣೆ, ವಕೀಲರ ಮನೆ ಅಂತ ಓಡಾಡಬೇಕಾಗುತ್ತದೆ. ಹೊಡೆದ ಖಾಲಿ ಕೊಳವೆ ಸಿಕ್ಕರೂ ಪ್ರಶ್ನೆ ತಪ್ಪಿದ್ದಲ್ಲ. ಬೇಟೆಯ ಬ್ಯಾಗನ್ನು ಬೇಟೆಗೇ ಇಟ್ಟುಕೊಂಡು ಊರಿಗೆ ಬೇರೆ ಬ್ಯಾಗ್ ಒಯ್ಯಿರಿ. ಕೋಟಿನ ಜೇಬನ್ನೂ ತಡಕಿ ನೋಡಿ.